ಮುಂದಿನ ಹೆಜ್ಜೆಯಷ್ಟು ಬೆಳಕು

(ಬಾನುಲಿ ಭಾಷಣ)

ಬಂಗಾರಪೇಟೆಯಿಂದ ಮಾರಿಕುಪ್ಪದವರೆಗಿನ ಕ್ರೈಸ್ತ ಮನೆಗಳಲ್ಲಿ ದಿನದ ಮಾತುಕತೆಯ ನಡುವೆ ಮೇಲಿಂದ ಮೇಲೆ ಕಿವಿಗೆ ಬೀಳುವ ಮಾತೊಂದುಂಟು: 'ದೇವರ ಚಿತ್ತವಾದರೆ'. ಮಗಳ ಮದುವೆ ಮುಂದಿನ ತಿಂಗಳು, ದೇವರ ಚಿತ್ತವಾದರೆ. ಮಗನಿಗೆ ಬೆಂಗಳೂರಿನಲ್ಲಿ ಕೆಲಸ, ದೇವರ ಚಿತ್ತವಾದರೆ. ತಮಿಳಿನಲ್ಲಾಗಲಿ ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ, ಭಾಷೆ ಬೇರೆಯಾದರೂ ಮಾತಿನ ಧಾಟಿ ಒಂದೇ. ಇದರ ಮೂಲ ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯ 4ನೆಯ ಅಧ್ಯಾಯದಲ್ಲಿದೆ. ಇಂಥ ಊರಿಗೆ ಹೋಗುವೆವು, ಒಂದು ವರ್ಷ ವ್ಯಾಪಾರ ಮಾಡುವೆವು, ಇಷ್ಟು ಲಾಭ ಗಳಿಸುವೆವು ಎಂದು ಲೆಕ್ಕ ಹಾಕಿ ಕೂತ ವರ್ತಕರನ್ನು ಕುರಿತು ಯಾಕೋಬನು ಅಲ್ಲಿ ಸ್ವಲ್ಪ ಕಟುವಾಗಿಯೇ ಮಾತನಾಡುತ್ತಾನೆ. ನಾಳೆಯೆಂಬುದು ನಿಮ್ಮ ಕೈಯಲ್ಲಿಲ್ಲ, ಆ ಅರಿವಿನೊಡನೆ ಯೋಜನೆ ಹಾಕಿರಿ ಎಂಬುದು ಅವನ ತಾತ್ಪರ್ಯ. ಯೋಜನೆಯನ್ನೇ ಹಾಕಬೇಡಿರಿ ಎಂದು ಅವನು ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು.

ಆದರೆ ಬಳಕೆಯಲ್ಲಿ ಸವೆದ ನಾಣ್ಯದಂತೆ ಈ ಮಾತಿಗೂ ಹಲವು ಮುಖಗಳಾಗಿವೆ. ಕೆಲವರ ಬಾಯಲ್ಲಿ ಅದು ನಿಜವಾದ ವಿನಯ. ಕೆಲವರ ಬಾಯಲ್ಲಿ ಹಣೆಬರಹವೆಂಬ ಹಳೆಯ ಮಾತಿಗೆ ತೊಡಿಸಿದ ಹೊಸ ಅಂಗಿ. ಇನ್ನು ಕೆಲವೊಮ್ಮೆ ಅದು 'ಆಗುವುದಿಲ್ಲ' ಎಂದು ಮುಖಕ್ಕೆ ಹೊಡೆದಂತೆ ಹೇಳಲಾರದವರ ಸೌಜನ್ಯವೂ ಹೌದು. ಚರ್ಚಿನ ಕಟ್ಟಡ ನಿಧಿಗೆ ಚಂದಾ ಕೇಳಲು ಹೋದವರಿಗೆ ಈ ಮೂರನೆಯ ಅರ್ಥ ಚೆನ್ನಾಗಿ ಗೊತ್ತು. ಹಾಗಾದರೆ ದೇವರು ನಡೆಸುತ್ತಾನೆಂದು ನಂಬುವುದೆಂದರೇನು? ಆ ನಂಬಿಕೆ ದಿನನಿತ್ಯದ ಬದುಕಿನಲ್ಲಿ ಹೇಗೆ ಕೆಲಸ ಮಾಡುತ್ತದೆ? ಎಲ್ಲಿ ದಾರಿ ತಪ್ಪುತ್ತದೆ? ಈ ಪ್ರಶ್ನೆಗಳನ್ನು ಗ್ರಂಥಭಂಡಾರದಲ್ಲಿ ಕುಳಿತು ಚರ್ಚಿಸುವುದು ಸುಲಭ. ಗಣಿಯ ಬಾಯಲ್ಲಿ ನಿಂತು ಕೇಳಿಕೊಂಡವರಿಗೆ ಅವು ಅಷ್ಟು ಸುಲಭವಾಗಿ ಬಿಡಲಿಲ್ಲ. ಅದಕ್ಕಾಗಿಯೇ ಕೋಲಾರದ ಚಿನ್ನದ ಗಣಿಗಳ ಕಡೆಗೆ ನಾನು ತಮ್ಮ ಗಮನವನ್ನು ಸೆಳೆಯಬಯಸುತ್ತೇನೆ.

1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಒಂದು ಕಾಲಕ್ಕೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರೇ ಇಂದಿನ ಬಂಗಾರಪೇಟೆ. 1864ರಲ್ಲಿ ಬೆಂಗಳೂರು ಜೋಲಾರಪೇಟೆ ರೈಲುಮಾರ್ಗ ಬಂದ ಮೇಲೆ ಅದಕ್ಕೆ ಪ್ರಾಮುಖ್ಯ ಬಂದಿತು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಗಳ ಆಡಳಿತಕ್ಕೆ ಕೈಹಾಕಿದರು. 1894ರಲ್ಲಿ ಬಂಗಾರಪೇಟೆಯಿಂದ ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪ ಸೇರುವ ಕವಲು ಹಳಿ ಹಾಕಲಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಹರಿದುಬಂದಿತು. ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳ ಬಡ ಕುಟುಂಬಗಳು, ಅದರಲ್ಲೂ ಹಳ್ಳಿಯಲ್ಲಿ ಊರಾಚೆ ಇರಿಸಲ್ಪಟ್ಟಿದ್ದ ಜನ, ಕೂಲಿಗಾಗಿ ಇಲ್ಲಿಗೆ ಬಂದು ನೆಲೆಸಿದರು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರೂ ಬಂದರು. ಜಾನ್ ವೆಸ್ಲಿಯ ಬೋಧನೆ 18ನೆಯ ಶತಮಾನದಲ್ಲಿಯೇ ಬೇರೂರಿದ್ದ ನಾಡು ಅವರದು. ಹೀಗೆ ಕ್ಯಾಥೊಲಿಕ್, ಆಂಗ್ಲಿಕನ್, ಮೆಥಡಿಸ್ಟ್, ಲುಥೆರನ್ ಸಭೆಗಳು ಕೆಲವೇ ಮೈಲಿಗಳ ಅಂತರದಲ್ಲಿ ನೆರೆಹೊರೆಯಾದವು.

ಈ ಜನರ ಕೈಗೆ ಬಂದ ಬೈಬಲಿನಲ್ಲಿ ಗಣಿಯನ್ನು ಕುರಿತ ಒಂದು ಅಧ್ಯಾಯವೇ ಇದೆಯೆಂಬುದು ಎಷ್ಟೋ ಮಂದಿ ಓದುಗರ ಗಮನಕ್ಕೆ ಬಂದಿರಲಾರದು. ಅದು ಯೋಬನ ಗ್ರಂಥದ 28ನೆಯ ಅಧ್ಯಾಯ. ಮನುಷ್ಯನು ಕತ್ತಲೆಯ ಕೊನೆಯವರೆಗೂ ಇಳಿದು ಅದಿರನ್ನು ಹುಡುಕುವ ಬಗೆಯನ್ನು, ಜನವಸತಿಯಿಂದ ದೂರದ ಕುಳಿಗಳಲ್ಲಿ ಹಗ್ಗ ಹಿಡಿದು ತೂಗಾಡುವ ಪರಿಯನ್ನು, ಹದ್ದಿನ ಕಣ್ಣಿಗೂ ಬೀಳದ ದಾರಿಯನ್ನು ಅವನು ಕೊರೆದು ತೆರೆಯುವುದನ್ನು ಆ ಪ್ರಾಚೀನ ಕವಿ ಬೆರಗಿನಿಂದ ವರ್ಣಿಸುತ್ತಾನೆ. ಬಳಿಕ ಥಟ್ಟನೆ ನಿಂತು, ಚಿನ್ನಕ್ಕೆ ಗಣಿಯುಂಟು, ಆದರೆ ವಿವೇಕಕ್ಕೆ ಗಣಿ ಯಾವುದು ಎಂದು ಕೇಳುತ್ತಾನೆ. ಎಷ್ಟು ಆಳಕ್ಕೆ ಅಗೆದರೂ ಅದು ಸಿಗುವುದಿಲ್ಲ, ಎಷ್ಟು ಚಿನ್ನ ತೂಗಿಕೊಟ್ಟರೂ ಬಾರದು. ಅದರ ಇರವು ದೇವರೊಬ್ಬನಿಗೇ ಗೊತ್ತು ಎಂಬುದು ಅವನ ಉತ್ತರ. ಹಾಗೆಂದು ಕವಿ ಗಣಿಗಾರನನ್ನು ಹಳಿಯುವುದಿಲ್ಲ. ಅವನ ಜಾಣ್ಮೆಯನ್ನು ಮನಸಾರೆ ಮೆಚ್ಚಿಯೇ ಅದರ ಎಲ್ಲೆಯನ್ನು ತೋರಿಸುತ್ತಾನೆ. ದೈವದ ನಡೆಸುವಿಕೆಯನ್ನು ಕುರಿತ ಕ್ರೈಸ್ತ ವಿಚಾರಕ್ಕೆ ಇಲ್ಲಿ ಒಂದು ತಳಹದಿ ಸಿಗುತ್ತದೆ. ಮನುಷ್ಯನ ಬುದ್ಧಿ ಮಾಡಬೇಕಾದ ಕೆಲಸವನ್ನು ಬುದ್ಧಿಯೇ ಮಾಡಬೇಕು. ಬುದ್ಧಿ ಮುಗಿದ ಕಡೆಯಲ್ಲಿ ನಂಬಿಕೆ ತೊಡಗುತ್ತದೆಂದು ಮಾತ್ರ ತಿಳಿಯಬಾರದು. ಬುದ್ಧಿಯ ಜೊತೆಜೊತೆಗೇ ಅದು ಮೊದಲಿನಿಂದಲೂ ಇರಬೇಕಾದದ್ದು.

ಚಾಂಪಿಯನ್ ರೀಫ್ ಗಣಿ 10,000 ಅಡಿಗೂ ಮಿಕ್ಕ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತಿತ್ತು. ಗಾಳಿಯನ್ನು ತಂಪು ಮಾಡಿ ಕೆಳಕ್ಕೆ ಕಳಿಸದೆ ಅಲ್ಲಿ ಕೆಲಸ ಸಾಧ್ಯವಿರಲಿಲ್ಲ. ಅಲ್ಲಿಯ ಕತ್ತಲೆ ನಮ್ಮ ಅಮಾವಾಸ್ಯೆಯ ಕತ್ತಲೆಯಂಥದಲ್ಲ. ಅಮಾವಾಸ್ಯೆಯಲ್ಲಿ ನಕ್ಷತ್ರಗಳಾದರೂ ಇರುತ್ತವೆ. ಕಾರ್ಮಿಕನ ತಲೆಯ ಮೇಲಿನ ದೀಪ ಅವನ ಮುಂದಿನ ಕೆಲವು ಹೆಜ್ಜೆಗಳನ್ನು ತೋರಿಸುತ್ತಿತ್ತು, ಅಷ್ಟೇ. ಸುರಂಗದ ಆ ಕೊನೆಯನ್ನು ಅದು ತೋರಿಸಲಾರದು. ಆದರೆ ಅವನು ಮುಂದೆ ಸರಿದಂತೆ ಬೆಳಕೂ ಸರಿಯುತ್ತಿತ್ತು. ಕೀರ್ತನೆಗಳ ಗ್ರಂಥದ 119ನೆಯ ಕೀರ್ತನೆಯ ಕವಿ ದೇವರ ವಾಕ್ಯವನ್ನು ದೀಪಕ್ಕೆ ಹೋಲಿಸುವಾಗ ಅವನ ಕಣ್ಣ ಮುಂದೆ ಇದ್ದದ್ದು ಅಂಗೈ ಅಗಲದ ಮಣ್ಣಿನ ಹಣತೆ. ಅದರ ಬೆಳಕು ಗಣಿಯ ದೀಪದಷ್ಟೂ ದೂರ ಹೋಗದು. ಆದುದರಿಂದ, ದೇವರು ನನಗೆ ಮುಂದಿನ 20 ವರ್ಷಗಳ ನಕ್ಷೆಯನ್ನು ತೋರಿಸಲಿಲ್ಲವಲ್ಲ ಎಂದು ಕೊರಗುವವರು ದೀಪವನ್ನು ಕೈಯಲ್ಲಿ ಹಿಡಿದು ಸೂರ್ಯನಿಗಾಗಿ ಅಳುವವರಂತೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೊರೆತ ಮನ್ನದ ಕಥೆಯೂ ಇದನ್ನೇ ಹೇಳುತ್ತದೆ. ದಿನದ ಪಾಲು ದಿನಕ್ಕೆ; ಮರುದಿನಕ್ಕೆಂದು ಬಚ್ಚಿಟ್ಟದ್ದು ಹುಳುಬಿದ್ದು ನಾರಿತು. ಆದರೆ ಸಬ್ಬತ್ತಿನ ಹಿಂದಿನ ದಿನ ಎರಡು ಪಾಲು ಕೂಡಿಡಲು ಅಪ್ಪಣೆಯಿತ್ತೆಂಬುದನ್ನೂ ಮರೆಯಬಾರದು. ದಿನದಿನದ ನಂಬಿಕೆಗೂ ಮುಂದಾಲೋಚನೆಗೂ ಹಗೆತನವಿಲ್ಲ.

ಇದು ಕುರುಡು ನಂಬಿಕೆಯಲ್ಲವೇ ಎಂದು ಕೇಳುವವರುಂಟು. ಗಣಿಯ ಕೇಜಿನೊಳಗೆ ನಿಂತವನ ನಂಬಿಕೆಯನ್ನು ನೋಡೋಣ. ಅವನನ್ನು ಇಳಿಸುವ ಯಂತ್ರದ ಚಾಲಕ ಮೇಲೆ ಬೇರೊಂದು ಕಟ್ಟಡದಲ್ಲಿ ಕುಳಿತಿರುತ್ತಾನೆ. ಇವನಿಗೆ ಅವನು ಕಾಣನು, ಅವನಿಗೆ ಇವನು ಕಾಣನು. ಗಂಟೆಯ ಸಂಕೇತವೊಂದೇ ಇಬ್ಬರ ನಡುವಿನ ಭಾಷೆ. ಆದರೂ ಇವನು ಕಾಲಿಡುತ್ತಾನೆ. ಏಕೆಂದರೆ ಆ ಉಕ್ಕಿನ ಹಗ್ಗವನ್ನು ನಿಯತಕಾಲಕ್ಕೆ ಪರೀಕ್ಷಿಸುವ ಕಟ್ಟುನಿಟ್ಟುಂಟು, ಗಂಟೆಯ ಸಂಕೇತಗಳಿಗೆ ನಿಶ್ಚಿತವಾದ ಅರ್ಥವುಂಟು, ನಿನ್ನೆಯೂ ಮೊನ್ನೆಯೂ ತನ್ನನ್ನು ಮೇಲಕ್ಕೆ ತಂದ ಅನುಭವವುಂಟು. ಕಾಣದವನನ್ನು ನಂಬಿದ್ದಾನೆ ನಿಜ, ಆಧಾರವಿಲ್ಲದೆ ನಂಬಿಲ್ಲ. ಕೆಳಗೆ ಇಳಿದ ಮೇಲೂ ಅವನು ಕಣ್ಣುಮುಚ್ಚಿ ಕೆಲಸ ಆರಂಭಿಸುವುದಿಲ್ಲ. ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ಕಿವಿಗೊಡುತ್ತಾನೆ. ಗಟ್ಟಿಬಂಡೆಯ ನಾದ ಒಂದು, ಬಿರುಕುಬಿಟ್ಟ ಟೊಳ್ಳು ಬಂಡೆಯ ನಾದ ಇನ್ನೊಂದು. ಹಳಬರ ಕಿವಿ ಈ ವ್ಯತ್ಯಾಸವನ್ನು ಕ್ಷಣದಲ್ಲಿ ಹಿಡಿಯುತ್ತದೆ. ಹೊಸಬರು ಹಳಬರ ಪಕ್ಕದಲ್ಲಿ ನಿಂತು ಕಲಿಯಬೇಕು.

ದೇವರ ದನಿಯೆಂದು ತೋರಿದ್ದನ್ನೆಲ್ಲ ಹೀಗೆ ತಟ್ಟಿ ನೋಡಬೇಕೆಂದೇ ಕ್ರೈಸ್ತ ಪರಂಪರೆಯ ಅನುಭವಿಗಳು ಹೇಳಿದ್ದಾರೆ. ನನ್ನ ಮನಸ್ಸಿಗೆ ಬಂದದ್ದು ಧರ್ಮಗ್ರಂಥದ ಒಟ್ಟು ಧೋರಣೆಗೆ ಒಪ್ಪುವುದೇ? ನನ್ನನ್ನು ಬಲ್ಲ ಹಿರಿಯರು ಕೇಳಿ ಏನೆನ್ನುತ್ತಾರೆ? ನನ್ನ ಸ್ವಾರ್ಥವೇ ದೇವರ ವೇಷ ಹಾಕಿಕೊಂಡು ಬಂದಿರಬಹುದೇ? 16ನೆಯ ಶತಮಾನದ ಸಂತ ಇಗ್ನೇಷಿಯಸ್ ಲೊಯೊಲಾ ತನ್ನ ಸಾಧನಾಗ್ರಂಥದಲ್ಲಿ ಈ ವಿವೇಚನೆಗೆ ನಿಯಮಗಳನ್ನೇ ಬರೆದಿಟ್ಟಿದ್ದಾನೆ. ಅವುಗಳಲ್ಲಿ ಒಂದು ನನಗೆ ಅತ್ಯಂತ ವ್ಯಾವಹಾರಿಕವಾದುದೆಂದು ತೋರುತ್ತದೆ: ಮನಸ್ಸು ಬರಡಾಗಿ ಕುಗ್ಗಿದ ಹೊತ್ತಿನಲ್ಲಿ, ಹಿಂದೆ ನೆಮ್ಮದಿಯ ವೇಳೆಯಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಕ್ಯಾಥೊಲಿಕನಾಗಲಿ ಅಲ್ಲದವನಾಗಲಿ, ಕ್ರೈಸ್ತನಾಗಲಿ ಅಲ್ಲದವನಾಗಲಿ, ಕೆಲಸ ಬಿಡುವ ಕಾಗದವನ್ನು ರಾತ್ರಿ ಬರೆದು ಬೆಳಗಿನವರೆಗೆ ಮೇಜಿನ ಮೇಲೆ ಇಟ್ಟವನಿಗೆ ಈ ನಿಯಮದ ಬೆಲೆ ತಿಳಿದಿರುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಕಣ್ಣುಮುಚ್ಚಿ ಬೈಬಲನ್ನು ತೆರೆದು ಬೆರಳಿಟ್ಟ ವಾಕ್ಯವೇ ದೇವರಾಜ್ಞೆ ಎಂದುಕೊಳ್ಳುವ ಪದ್ಧತಿ ಎಲ್ಲ ಸಭೆಗಳಲ್ಲಿಯೂ ಅಲ್ಲಲ್ಲಿ ಕಾಣಬರುತ್ತದೆ. ನಮ್ಮ ಹಳ್ಳಿಗಳಲ್ಲಿ ದೇವರ ಮುಂದೆ ಹೂವಿನ ಪ್ರಸಾದ ಕೇಳುವಂತೆಯೇ ಇದೂ. ಗಿದ್ಯೋನನು ತುಪ್ಪಟವನ್ನು ಕಣದಲ್ಲಿ ಹಾಸಿ ಮಂಜಿನಿಂದ ಗುರುತು ಕೇಳಲಿಲ್ಲವೇ ಎಂದು ಈ ಜನ ವಾದಿಸುತ್ತಾರೆ. ಆದರೆ ನ್ಯಾಯಸ್ಥಾಪಕರ ಗ್ರಂಥದ ಆ ಕಥೆಯಲ್ಲಿ ದೇವರ ಅಪ್ಪಣೆ ಗಿದ್ಯೋನನಿಗೆ ಮೊದಲೇ ಸ್ಪಷ್ಟವಾಗಿ ದೊರೆತಿತ್ತು. ಗುರುತು ಕೇಳಿದ್ದು ಅವನ ಅಂಜಿಕೆ. ದೇವರು ಆ ಅಂಜಿಕೆಯನ್ನು ಸಹಿಸಿದನೆಂಬುದೇ ಅಲ್ಲಿಯ ಸ್ವಾರಸ್ಯವಲ್ಲದೆ, ಅದು ಅನುಕರಿಸಬೇಕಾದ ಮಾದರಿಯೆಂದಲ್ಲ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಪೌಲನ ಪ್ರಯಾಣದ ವೃತ್ತಾಂತ ಇದಕ್ಕಿಂತ ಹೆಚ್ಚು ಬೋಧಪ್ರದವಾದುದು. ಅವನು ಆಸ್ಯ ಸೀಮೆಯಲ್ಲಿ ಬೋಧಿಸಬೇಕೆಂದರೆ ಅಡ್ಡಿಯಾಯಿತು. ಬಿಥೂನ್ಯಕ್ಕೆ ಹೋಗಬೇಕೆಂದರೆ ಅದಕ್ಕೂ ಅಡ್ಡಿಯಾಯಿತು. ಎರಡು ಬಾಗಿಲುಗಳೂ ಮುಚ್ಚಿದ ಮೇಲೆ ತ್ರೋವದ ಬಂದರಿಗೆ ಬಂದು ನಿಂತನು. ಅಲ್ಲಿ ಮಕೆದೋನ್ಯದವನೊಬ್ಬನು ಕರೆಯುವಂತೆ ದರ್ಶನವಾಯಿತು. ದರ್ಶನ ಕಂಡವನು ಪೌಲನೊಬ್ಬನೇ. ಆದರೆ ಅದರ ಅರ್ಥ ಇಂಥದೆಂದು ನಿಶ್ಚಯಿಸಿದವರು ಜೊತೆಗಿದ್ದವರೆಲ್ಲರೂ. ಕಥನದಲ್ಲಿ ಅಲ್ಲಿಯವರೆಗೆ 'ಅವರು' ಎಂದಿದ್ದುದು ಆ ಸ್ಥಳದಲ್ಲಿಯೇ 'ನಾವು' ಎಂದಾಗುತ್ತದೆ.

ಇಲ್ಲಿಯವರೆಗಿನದು ಸುಲಭವಾದ ಭಾಗ. ಗಣಿಯ ಜನಕ್ಕೆ ನಿಜವಾಗಿ ಕಷ್ಟವಾದ ಪ್ರಶ್ನೆ ಬಂಡೆ ಸಿಡಿತದ್ದು. ಅಗೆದು ತೆಗೆದ ಆಳದಲ್ಲಿ ಸುತ್ತಣ ಶಿಲೆಯ ಮೇಲೆ ಒತ್ತಡ ಕೂಡುತ್ತ ಹೋಗಿ, ಒಂದು ಕ್ಷಣದಲ್ಲಿ ಬಂಡೆ ಸ್ಫೋಟದಂತೆ ಸಿಡಿಯುತ್ತದೆ. ಮೇಲೆ ಮನೆಗಳಲ್ಲಿ ಪಾತ್ರೆಗಳು ಅದುರುತ್ತವೆ, ಭೂಮಿ ನಡುಗುತ್ತದೆ. ಆ ನಡುಕ ಬಂದಾಗ ಮೇಲಿನ ಪ್ರತಿಯೊಂದು ಮನೆಯ ಹೆಣ್ಣುಮಗಳಿಗೂ ಇವತ್ತು ಯಾರ ಪಾಳಿ ಎಂಬುದು ಮಾತ್ರ ಪ್ರಶ್ನೆ. ಪಾಳಿ ಬದಲಾಯಿಸಿಕೊಂಡು ಅಂದು ಮನೆಯಲ್ಲಿ ಉಳಿದವನೊಬ್ಬ ಬದುಕಿದ, ಅವನ ಬದಲಿಗೆ ಇಳಿದವನು ಸತ್ತ ಎಂದು ಇಟ್ಟುಕೊಳ್ಳೋಣ. ಮುಂದಿನ ಭಾನುವಾರ ಬದುಕಿದವನು ಸಭೆಯಲ್ಲಿ ಎದ್ದುನಿಂತು, ಅಂದು ಹೋಗಬೇಡವೆಂದು ದೇವರು ನನ್ನನ್ನು ನಡೆಸಿದನು ಎಂದು ಸಾಕ್ಷಿ ಹೇಳಬಹುದು. ಅವನ ಕೃತಜ್ಞತೆ ನಿಜವಾದುದೇ. ಆದರೆ ಎರಡು ಸಾಲು ಹಿಂದೆ ಬಿಳಿಯ ಸೀರೆಯುಟ್ಟು ಕುಳಿತ ಆ ಇನ್ನೊಬ್ಬನ ಹೆಂಡತಿ ಈ ಮಾತನ್ನು ಹೇಗೆ ಕೇಳಬೇಕು? ಅವಳ ಗಂಡನನ್ನು ನಡೆಸಿದವರಾರು?

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಸಿಲೋವದ ಗೋಪುರ ಬಿದ್ದು 18 ಮಂದಿ ಸತ್ತ ಸಂಗತಿ ಬರುತ್ತದೆ. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೆಂದು ಭಾವಿಸುತ್ತೀರಾ ಎಂದು ಯೇಸು ಕೇಳಿ, ಅಲ್ಲವೆಂದು ತಾನೇ ಉತ್ತರಿಸುತ್ತಾನೆ. ಗೋಪುರ ಏಕೆ ಬಿದ್ದಿತೆಂಬುದಕ್ಕೆ ವಿವರಣೆ ಕೊಡುವುದಿಲ್ಲ; ಆದರೆ ಸತ್ತವರ ಮೇಲೆ ತೀರ್ಪು ಹೊರಿಸುವುದನ್ನು ಮಾತ್ರ ಖಡಾಖಂಡಿತವಾಗಿ ತಡೆಯುತ್ತಾನೆ. ದೇವರ ನಡೆಸುವಿಕೆಯನ್ನು ಕುರಿತು ಮಾತನಾಡುವವರೆಲ್ಲರೂ ಈ ಭಾಗವನ್ನು ಓದಿ ಆಮೇಲೆ ಬಾಯಿ ತೆರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ನಡೆಸುತ್ತಾನೆಂದರೆ ಅಪಾಯದಿಂದ ತಪ್ಪಿಸುತ್ತಾನೆಂದು ಅರ್ಥವಾಗುವುದಾದರೆ ಗೆತ್ಸೇಮನೆಯ ತೋಟದ ರಾತ್ರಿಗೆ ಅರ್ಥವೇ ಇರುವುದಿಲ್ಲ. ಅಲ್ಲಿ ಯೇಸು ತನ್ನ ಬಯಕೆ ಏನೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಆಮೇಲೆ ಅದನ್ನು ತಂದೆಯ ಚಿತ್ತಕ್ಕೆ ಒಪ್ಪಿಸುತ್ತಾನೆ. ಆ ದಾರಿ ಅವನನ್ನು ಒಯ್ದದ್ದು ಶಿಲುಬೆಗೆ. ಹಾಗಾಗಿ ವಿಶ್ವಾಸಿ ಕೇಳಿಕೊಳ್ಳಬಹುದಾದದ್ದು, ನಡೆಸುವವನು ನನ್ನ ಜೊತೆಗೆ ಇಳಿಯುತ್ತಾನೆಯೇ ಎಂಬುದನ್ನು. ಸತ್ತವನ ಹೆಂಡತಿಗೆ ಹೇಳಬಹುದಾದ ಮಾತೂ ಇದೊಂದೇ. ಅದನ್ನಾದರೂ ಬಾಯಿಂದ ಹೇಳುವುದಕ್ಕಿಂತ ಅವಳ ಮನೆಗೆ ಅಕ್ಕಿ ಬೇಳೆ ಒಯ್ದು ಕೊಟ್ಟು, ಮಕ್ಕಳ ಶಾಲೆಯ ಫೀಜು ಕಟ್ಟಿ ತಿಳಿಸುವುದು ಮೇಲು.

ಇನ್ನೊಂದು ಅಪಾಯವಿದೆ. ಮನುಷ್ಯರ ಹೊಣೆಗೇಡಿತನವನ್ನು ದೇವರ ಚಿತ್ತವೆಂದು ಕರೆಯುವುದು. 1940ರ ದಶಕದಲ್ಲಿ ಕೋಲಾರದ ಗಣಿ ಕಾರ್ಮಿಕರನ್ನು ವೈದ್ಯರು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯ ಶ್ವಾಸಕೋಶಗಳಲ್ಲಿ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗ ಕಂಡುಬಂದಿತು. ಇದು ದೈವೇಚ್ಛೆಯಲ್ಲ, ಒಣಗಿದ ಧೂಳು. ನೀರು ಹಾಯಿಸಿ ಕೊರೆದರೆ, ಗಾಳಿಯಾಡಿಸಿದರೆ ಅದು ಕಡಿಮೆಯಾಗುತ್ತದೆ. ಬಂಡೆ ಸಿಡಿತವನ್ನು ಕೂಡ ವಿಜ್ಞಾನಿಗಳು ಕೈಕಟ್ಟಿ ನೋಡುತ್ತ ಕೂಡಲಿಲ್ಲ. ಭೂಕಂಪನವನ್ನು ಅಳೆಯುವ ಉಪಕರಣಗಳ ಜಾಲವನ್ನು 1978ರಲ್ಲಿ ಹಾಕಿ, ಬಂಡೆಯ ಸಣ್ಣ ಸಣ್ಣ ಬಿರುಕುಗಳ ಸದ್ದಿಗೆ ಕಿವಿಗೊಟ್ಟರು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಆರಂಭವಾದದ್ದೂ ಈ ಗಣಿಯೂರಿನಲ್ಲಿಯೇ. ಬೆರಳಚ್ಚು ಕೊಡಬೇಕೆಂಬ ಕಟ್ಟಳೆಯನ್ನು ವಿರೋಧಿಸಿ 1930ರಲ್ಲಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ನಾವು ಅಪರಾಧಿಗಳಲ್ಲ ಎಂಬ ಮಾನದ ಪ್ರಶ್ನೆ ಅದಾಗಿತ್ತು. ಐಗುಪ್ತದ ಇಟ್ಟಿಗೆಯ ಕೆಲಸದಿಂದ ಜನರನ್ನು ಬಿಡಿಸಿದ ದೇವರನ್ನು ಕುರಿತು ಓದುವವರು ಇಂಥ ಪ್ರತಿಭಟನೆಯನ್ನು ಅವಿಶ್ವಾಸವೆಂದು ಕರೆಯುವುದು ಹೇಗೆ?

ನಂಬಿಕೆ ಕೆಲಸಕ್ಕೆ ಇಳಿದಾಗ ಅದು ಹೇಗಿರುತ್ತದೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ಒಂದು ಹಳೆಯ ನಿದರ್ಶನವಿದೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಸುಮಾರು 10 ಲಕ್ಷ ಜನ ಸತ್ತರೆಂದು ಲೆಕ್ಕ. ಆಗ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥ ಮಕ್ಕಳಿಗೆ ಆಶ್ರಯವಿತ್ತರು. ದೊಡ್ಡ ಮಿಷನ್ ಸಂಘದ ಆಶ್ರಯದಿಂದ ಹೊರಬಂದು, ದಾನಿಗಳು ಕೊಟ್ಟದ್ದರಿಂದ ಸ್ವತಂತ್ರವಾಗಿ ನಡೆಸಿದ ಕಾರ್ಯವದು. ಮಕ್ಕಳು ಹಸಿದಾಗ ಪ್ರಾರ್ಥಿಸುವುದರ ಜೊತೆಗೆ ಕಾಗದ ಬರೆಯಬೇಕು, ಲೆಕ್ಕ ಇಡಬೇಕು, ರಾಗಿ ಬೀಸಬೇಕು. ಬೆಳೆದ ಮಕ್ಕಳಿಗೆ ಕಸುಬು ಬೇಕು, ಉಳಲು ಭೂಮಿ ಬೇಕು, ಮದುವೆಯಾಗಬೇಕು. ಈ ಎಲ್ಲವೂ ಆಯಿತು. 1890ರಲ್ಲಿ ಆಕೆ ಆ ಕಾರ್ಯವನ್ನು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯವರಿಗೆ ಒಪ್ಪಿಸಿಕೊಟ್ಟರು. ನನಗೆ ಈ ಕೊನೆಯ ಸಂಗತಿಯೇ ಹೆಚ್ಚು ಮನಮುಟ್ಟುತ್ತದೆ. ಕಟ್ಟುವುದಕ್ಕೆ ದೇವರು ಕರೆದನೆಂದು ಹೇಳುವವರು ಬಹಳ. ಕಟ್ಟಿದ್ದನ್ನು ಇನ್ನೊಬ್ಬರ ಕೈಗೆ ಕೊಡಲೂ ಅವನೇ ಕರೆದಿರಬಹುದೆಂದು ತಿಳಿಯುವವರು ವಿರಳ. ಮುಂದೆ ಆ ಸಭೆಯವರು ಕೋಲಾರದಲ್ಲಿ ಕಟ್ಟಿದ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆಗೆ ಬಂದ ರೋಗಿಗಳಲ್ಲಿ ಅವರ ಮತದವರಲ್ಲದವರೇ ಅಧಿಕ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಮೂರು ನಾಲ್ಕು ತಲೆಮಾರು ಗಣಿಯನ್ನೇ ನಂಬಿ ಬದುಕಿದ ಮನೆಗಳಲ್ಲಿ ನಾಳೆಯೆಂಬುದು ಬರಿಯ ಪ್ರಶ್ನೆಯಾಗಿ ಉಳಿಯಿತು. ಊರು ಬಿಡಬೇಕೇ, ಬಿಡಬಾರದೇ? ಕಂಪೆನಿಯ ಮನೆಯಲ್ಲಿ ಎಷ್ಟು ದಿನ? ಹಿರಿಯ ಮಗನ ಓದು ನಿಲ್ಲಿಸಿ ಕೆಲಸಕ್ಕೆ ಹಾಕುವುದೋ, ಸಾಲ ಮಾಡಿ ಓದಿಸುವುದೋ? ಇವು ದರ್ಶನಗಳು ಬಂದು ಬಗೆಹರಿಸುವ ಪ್ರಶ್ನೆಗಳಲ್ಲ. ಎಲೀಯನು ಗಾಳಿಯಲ್ಲಿ, ಭೂಕಂಪದಲ್ಲಿ, ಬೆಂಕಿಯಲ್ಲಿ ದೇವರನ್ನು ಕಾಣದೆ ಕೊನೆಗೊಂದು ಮೆಲುದನಿಯಲ್ಲಿ ಕೇಳಿದನಷ್ಟೆ. ಆ ದನಿ ಅವನಿಗೆ ಹೇಳಿದ್ದೂ ಎದ್ದು ಬಂದ ದಾರಿಯಲ್ಲಿ ತಿರುಗಿ ಹೋಗಿ ಇಂಥಿಂಥ ಕೆಲಸ ಮಾಡೆಂದು. ಅದಕ್ಕೂ ಮುಂಚೆ, ಸಾಯಬೇಕೆಂದು ಮರದ ಕೆಳಗೆ ಮಲಗಿದ್ದವನಿಗೆ ದೇವದೂತನು ಉಪದೇಶ ಮಾಡಲಿಲ್ಲ, ಎಬ್ಬಿಸಿ ರೊಟ್ಟಿ ನೀರು ಕೊಟ್ಟನು ಎಂಬುದೂ ಅದೇ ಕಥೆಯಲ್ಲಿದೆ. ಕಲ್ಲಿನೊಳಗಿನ ಕಪ್ಪೆಗೂ ಆಹಾರವೀಯುವವನನ್ನು ನೆನೆದು ಮನಸ್ಸಿಗೆ ತಾಳ್ಮೆ ಹೇಳಿದ ಕನಕದಾಸರ ಹಾಡು ಈ ನಾಡಿನಲ್ಲಿ ಎಲ್ಲ ಮತದವರಿಗೂ ಪರಿಚಿತ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಬರುವ ಹಕ್ಕಿಗಳಿಗೂ ಆ ಕಪ್ಪೆಗೂ ದೂರದ ನಂಟು ಇರಬಹುದು. ಹಕ್ಕಿ ಬಿತ್ತುವುದಿಲ್ಲ ನಿಜ. ಆದರೆ ಬೆಳಗಾಗುತ್ತಲೇ ಗೂಡು ಬಿಟ್ಟು ಹಾರುತ್ತದೆ.

ಗಣಿಯೂರಿನ ಜನವೂ ಹಾಗೆಯೇ ಹಾರಿದರು. ಮಾರಿಕುಪ್ಪದಿಂದ ಹೊರಟು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ಬೆಳಗಿನ ಗಾಡಿಗಳಲ್ಲಿ ಸಾವಿರಾರು ಮಂದಿ ಇಂದಿಗೂ ದಿನಂಪ್ರತಿ ಕೆಲಸಕ್ಕೆ ಹೋಗಿಬರುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ 70 ಕಿಲೋಮೀಟರುಗಳಷ್ಟು ದೂರ. ಕತ್ತಲಿರುವಾಗಲೇ ಎದ್ದು ಅನ್ನ ಮಾಡಿ, ಡಬ್ಬಿ ಕಟ್ಟಿ, ಕ್ಷಣಕಾಲ ಕಣ್ಣುಮುಚ್ಚಿ ಪ್ರಾರ್ಥಿಸಿ ಬಾಗಿಲೆಳೆದುಕೊಂಡು ಹೊರಡುವ ತಾಯಿಗೆ ದೇವರ ಚಿತ್ತವೇನೆಂದು ಕೇಳಿದರೆ, ಅವಳು ಯೋಬನ ಹೆಸರನ್ನಾಗಲಿ ಪೌಲನ ಹೆಸರನ್ನಾಗಲಿ ಎತ್ತಲಾರಳು. ಗಾಡಿ ತಪ್ಪಿದರೆ ಅರ್ಧ ದಿನದ ಸಂಬಳ ಹೋಗುತ್ತದೆ, ದಾರಿ ಬಿಡಿ ಎನ್ನುತ್ತಾಳೆ. ಸಂಜೆ ಅದೇ ಗಾಡಿ ಕೋರಮಂಡಲದಲ್ಲಿ ಒಂದಷ್ಟು ಜನರನ್ನು, ಊರಿಗಾಂನಲ್ಲಿ ಒಂದಷ್ಟು ಜನರನ್ನು ಇಳಿಸುತ್ತ, ಸೈನೈಡ್ ದಿಣ್ಣೆಗಳ ಪಕ್ಕದಲ್ಲಿ ಹಾದು ಮಾರಿಕುಪ್ಪ ಸೇರುವ ಹೊತ್ತಿಗೆ ಮತ್ತೆ ಕತ್ತಲಾಗಿರುತ್ತದೆ.